ಮಾತ್ರೆ ಕೊಟ್ಟದ್ದು ಬೆಳಿಗ್ಗೆ ಏಳೂವರೆಗೆ, ನೋಡಿದ್ದು ಸಂಜೆ ಏಳಕ್ಕೆ

ರಾಜಾಜಿನಗರದಿಂದ ಒಬ್ಬ ತಾಯಿ ಬಂದಿದ್ದರು. ಮಗನಿಗೆ ಒಂಬತ್ತು ವರ್ಷ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ. (ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ.) ಎರಡು ವಾರದ ಹಿಂದೆ ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಶುರು ಮಾಡಿದ್ದೆ.

"ನಿಲ್ಲಿಸಿಬಿಟ್ಟೆ ಮೇಡಂ. ಏನೂ ಪ್ರಯೋಜನ ಇಲ್ಲ. ಹೋಮ್‌ವರ್ಕಿಗೆ ಕೂರೋದೇ ಇಲ್ಲ."

ಹೋಮ್‌ವರ್ಕ್ ಎಷ್ಟು ಗಂಟೆಗೆ ಎಂದು ಕೇಳಿದೆ. ಅವರು ಆಫೀಸಿನಿಂದ ಬಂದು, ಕಾಫಿ ಕುಡಿದು ಕೂರುವಾಗ ಏಳಾಗುತ್ತದೆ. ಮಾತ್ರೆ? ಬೆಳಿಗ್ಗೆ ಏಳೂವರೆಗೆ, ಸ್ಕೂಲ್ ವ್ಯಾನ್ ಬರುವ ಮೊದಲು.

ಈ ಮಾತುಕತೆ ನನಗೆ ವಾರಕ್ಕೆ ಎರಡು ಮೂರು ಸಲ ಆಗುತ್ತದೆ. ಮೊದಲ ದಿನವೇ ಹೇಳಿರುತ್ತೇನೆ, ಚೀಟಿಯ ಹಿಂದೆ ಬರೆದೂ ಕೊಟ್ಟಿರುತ್ತೇನೆ. ಆದರೂ ಒಳ್ಳೆಯ ಔಷಧಿಯನ್ನು ತಪ್ಪು ಹೊತ್ತಿನಲ್ಲಿ ನೋಡಿ ಬಿಸಾಡುವುದು ನಿಂತಿಲ್ಲ. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಮೀಥೈಲ್‌ಫೆನಿಡೇಟ್‌ನ ಸಾದಾ ಮಾತ್ರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ. ಮೂರರಿಂದ ನಾಲ್ಕು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಏಳೂವರೆಗೆ ನುಂಗಿದ್ದು ಹನ್ನೊಂದೂವರೆ ಹೊತ್ತಿಗೆ ಇಳಿದು ಹೋಗಿರುತ್ತದೆ. ಸಂಜೆ ಏಳಕ್ಕೆ ನೀವು ನೋಡುತ್ತಿರುವುದು ಔಷಧಿ ಇಲ್ಲದ ಮಗುವನ್ನು. ಅದೂ ದಿನವಿಡೀ ಸ್ಕೂಲಿನಲ್ಲಿ ದಣಿದ ಮಗುವನ್ನು. ಕೆಲವು ಮಕ್ಕಳಿಗೆ ಮಾತ್ರೆ ಇಳಿಯುವ ಹೊತ್ತಿನಲ್ಲಿ ಒಂದು ಗಂಟೆ ಸಿಡಿಮಿಡಿಯೂ ಜಾಸ್ತಿ. ಆಗ "ಮಾತ್ರೆಯಿಂದ ಸಿಟ್ಟು ಬಂತು" ಅನ್ನಿಸುತ್ತದೆ. ಹೆಚ್ಚಿನ ಸಲ ಅದು ಮಾತ್ರೆ ಇಳಿದಾಗಿನ ಸಿಟ್ಟು. ಎಷ್ಟು ಗಂಟೆಗೆ ಬಂತು ಎಂದು ನಾಲ್ಕು ದಿನ ಬರೆದಿಟ್ಟು ತಂದರೆ ನನಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಆ ಹುಡುಗನ ಬ್ಯಾಗ್ ಕಾಲ ಬಳಿಯೇ ಇತ್ತು. ಮಾತ್ರೆ ತಗೊಂಡ ದಿನಗಳ ನೋಟ್‌ಬುಕ್ ತೆಗೆಸಿದೆ. ಮೊದಲ ಪೀರಿಯಡ್ಡಿನ ಗಣಿತದಲ್ಲಿ ಅಂಕಿಗಳೆಲ್ಲ ಚೌಕದೊಳಗೆ ಕೂತಿದ್ದವು. ಲೆಕ್ಕ ಕೊನೆಯವರೆಗೂ ಮುಗಿದಿತ್ತು. ಅದೇ ದಿನ ಊಟದ ನಂತರದ ಕನ್ನಡ ಪಾಠ ಮೂರು ಸಾಲಿಗೆ ನಿಂತಿತ್ತು, ಪಕ್ಕದಲ್ಲಿ ಒಂದು ರಾಕೆಟ್ ಚಿತ್ರ. ತಾಯಿ ಪುಟ ತಿರುವಿ ತಿರುವಿ ನೋಡಿದರು. "ಇದು ಅವನೇ ಬರೆದದ್ದಾ?" ಎಂದು ಕೇಳಿದರು. ಹುಡುಗ ತಲೆಯಾಡಿಸಿದ.

ಇದೇ ಔಷಧಿ ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲೂ ಸಿಗುತ್ತದೆ. ತಯಾರಿಕೆಯನ್ನು ನೋಡಿಕೊಂಡು ಎಂಟರಿಂದ ಹನ್ನೆರಡು ಗಂಟೆ ಬರುತ್ತದೆ. ಆದರೆ ಅದನ್ನು ಪುಡಿ ಮಾಡಬಾರದು. ಚಾಮರಾಜಪೇಟೆಯ ಒಬ್ಬ ಅಜ್ಜಿ ಮೊಮ್ಮಗಳಿಗೆ ನುಂಗಲು ಕಷ್ಟ ಎಂದು ಆ ಮಾತ್ರೆಯನ್ನು ಕುಟ್ಟಿ, ಬಾಳೆಹಣ್ಣಿಗೆ ಕಲಸಿ ತಿನ್ನಿಸುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈಗೆ ಸೇರಿತು. ಮಗು ಎದೆ ಡವಡವ ಅನ್ನುತ್ತಿದೆ ಎಂದು ಅತ್ತಿತು. ನುಂಗಲು ಆಗದಿದ್ದರೆ ಹೇಳಿ. ಕೆಲವು ಕ್ಯಾಪ್ಸೂಲ್ ಬಿಚ್ಚಿ ಆಹಾರದ ಮೇಲೆ ಉದುರಿಸಬಹುದು, ಕೆಲವನ್ನು ಬಿಚ್ಚಲೇಬಾರದು.

ಇನ್ನು ಎಡಿಎಚ್‌ಡಿಗೇ ಕೊಡುವ ಬೇರೊಂದು ಔಷಧಿ, ಅಟೊಮಾಕ್ಸೆಟಿನ್. ಇಲ್ಲಿ ತಪ್ಪು ತಿರುಗಾ ಮುರುಗಾ ಆಗುತ್ತದೆ. ಮೀಥೈಲ್‌ಫೆನಿಡೇಟ್ ಕೊಟ್ಟು ಅಭ್ಯಾಸವಾದವರು ಇದನ್ನೂ ಪರೀಕ್ಷೆಯ ವಾರಕ್ಕೆ ಮಾತ್ರ ಕೊಡುತ್ತಾರೆ. ಹತ್ತು ದಿನ ನೋಡಿ "ಸುಮ್ನೆ ದುಡ್ಡು ದಂಡ" ಎಂದು ಬಿಡುತ್ತಾರೆ. ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ ಕಣ್ರೀ. ಗಳಿಗೆಗೊಮ್ಮೆ ತಟ್ಟೆ ಎತ್ತಿ ಅಲ್ಲಾಡಿಸಿದರೆ ಮೊಸರಾಗುತ್ತದಾ? ದಿನವೂ ತಪ್ಪದೆ ಕೊಟ್ಟರೂ ಸರಿಯಾದ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಒಮ್ಮೆ ಹಿಡಿದರೆ ಸಂಜೆಯೂ ಇರುತ್ತದೆ, ಭಾನುವಾರವೂ ಇರುತ್ತದೆ. ಹಾಗಂತ ಎಲ್ಲ ಮಕ್ಕಳಿಗೂ ಇದೇ ಮೊದಲು ಅಲ್ಲ. ಸಾಮಾನ್ಯವಾಗಿ ಮೀಥೈಲ್‌ಫೆನಿಡೇಟ್‌ನ ಗುಣ ಹೆಚ್ಚು. ಅದು ಒಗ್ಗದಿದ್ದರೆ ಇದು. ಕೆಲವೊಮ್ಮೆ ಆತಂಕ ಅಥವಾ ಟಿಕ್ಸ್ (ತಾನಾಗಿಯೇ ಮತ್ತೆ ಮತ್ತೆ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು) ತೊಂದರೆ ಜೊತೆಗಿದ್ದಾಗಲೂ ಇದರ ಕಡೆ ಹೋಗುತ್ತೇವೆ. ಶುರುವಿನಲ್ಲಿ ವಾಕರಿಕೆ, ಮಂಪರು ಇರಬಹುದು. ಅಪರೂಪಕ್ಕೆ ಮಗು ತೀರಾ ಮಂಕಾಗಿ ಸಾಯುವ ಮಾತಾಡಿದರೆ, ಅಥವಾ ಕಣ್ಣು ಹಳದಿಯಾದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಕರೆದುಕೊಂಡು ಬನ್ನಿ.

ಎಡಿಎಚ್‌ಡಿಗೆ ಕೆಲವೊಮ್ಮೆ ಕೊಡುವ ಇನ್ನೊಂದು ಔಷಧಿ ಕ್ಲೋನಿಡಿನ್ ಬಗ್ಗೆ ಒಂದೇ ಮಾತು. ಅದನ್ನು ನಿಮ್ಮಷ್ಟಕ್ಕೆ ದಿಢೀರ್ ನಿಲ್ಲಿಸಬೇಡಿ, ಬಿಪಿ ಏರಿಬಿಡಬಹುದು.

"ಅಮೆರಿಕದಲ್ಲಿರೋ ನಮ್ಮ ಭಾವನ ಮಗಳಿಗೆ ಬೇರೆ ಮಾತ್ರೆಯಂತೆ, ತರಿಸಿಕೊಳ್ಳಲಾ?" ಬೆಂಗಳೂರಿನಲ್ಲಿ ಈ ಪ್ರಶ್ನೆ ಬರದ ವಾರವಿಲ್ಲ. ಅಲ್ಲಿ ಬಳಸುವ ಆಂಫೆಟಮಿನ್ ಗುಂಪಿನ ಔಷಧಿಗಳು ನಮ್ಮಲ್ಲಿ ಎಡಿಎಚ್‌ಡಿಗೆ ಮಾರಾಟಕ್ಕಿಲ್ಲ. ದಯವಿಟ್ಟು ಸೂಟ್‌ಕೇಸಿನಲ್ಲಿ ತರಿಸಬೇಡಿ. 1985ರ ಮಾದಕ ವಸ್ತು ಕಾಯ್ದೆಯ ತೊಂದರೆಗೆ ಸಿಕ್ಕಿಬೀಳುತ್ತೀರಿ. ಮೀಥೈಲ್‌ಫೆನಿಡೇಟ್ ಕೂಡ ಅದೇ ಕಾಯ್ದೆಯಡಿ ಬರುವುದರಿಂದಲೇ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಹಾಗೆಂದು ಅದು ಹೊಸ, ಗೊತ್ತಿಲ್ಲದ ಔಷಧಿ ಅಂದುಕೊಳ್ಳಬೇಡಿ. ಮೊದಲು ತಯಾರಾದದ್ದು 1944ರಲ್ಲಿ. ಹತ್ತಾರು ವರ್ಷಗಳಿಂದ ಮಕ್ಕಳಿಗೆ ಕೊಡುತ್ತಾ ಬಂದಿದ್ದೇವೆ.

ಯಾವ ಮಗುವಿಗೆ ಯಾವುದು, ಎಷ್ಟು ಎಂಬುದನ್ನು ಮಗುವನ್ನು ನೋಡದೆ ಹೇಳಲು ಬರುವುದಿಲ್ಲ. ತೂಕ, ಎತ್ತರ, ನಾಡಿ, ಬಿಪಿ ನೋಡುತ್ತಲೇ ಇರಬೇಕು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಆರು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಮಾತ್ರೆಗಿಂತ ಮೊದಲು ಅಪ್ಪ ಅಮ್ಮನಿಗೆ ತರಬೇತಿ ಕೊಡುತ್ತೇವೆ.

ರಾಜಾಜಿನಗರದ ಹುಡುಗನಿಗೆ ಎಂಟು ಗಂಟೆ ಬರುವ ಮಾತ್ರೆಗೆ ಬದಲಾಯಿಸಿದೆ. ಅದೂ ಏಳರವರೆಗೆ ಬರುವುದಿಲ್ಲ. ಹಾಗಾಗಿ ಸ್ಕೂಲಿನಿಂದ ಬಂದು ಮುಖ ತೊಳೆದ ಕೂಡಲೇ ಅಜ್ಜಿಯ ಪಕ್ಕ ಕೂತು ಬರೆಯಬೇಕಾದ್ದನ್ನು ಬರೆದು ಮುಗಿಸುತ್ತಾನೆ, ಓದುವುದು ಮಾತ್ರ ಅಮ್ಮ ಬಂದ ಮೇಲೆ. ಮಧ್ಯಾಹ್ನ ಹಸಿವು ಕಮ್ಮಿ, ಟಿಫನ್ ಬಾಕ್ಸಿನ ಚಪಾತಿ ಅರ್ಧ ವಾಪಸ್ ಬರುತ್ತಿದೆ. ಬೆಳಿಗ್ಗೆ ಮಾತ್ರೆಗೆ ಮೊದಲು ಹೊಟ್ಟೆ ತುಂಬಾ ತಿಂಡಿ ಕೊಡಿ, ರಾತ್ರಿ ಒಂಬತ್ತಕ್ಕೆ ಹಸಿವು ಎಂದರೆ ಬೈಯದೆ ಇನ್ನೊಂದು ತುತ್ತು ಮೊಸರನ್ನ ಹಾಕಿ ಎಂದಿದ್ದೇನೆ. ಮುಂದಿನ ತಿಂಗಳು ತೂಕ ನೋಡಬೇಕು.