ಮೇದೋಜೀರಕವನ್ನು ಮುಟ್ಟದೆ ಪರೀಕ್ಷಿಸುವುದು

"ಹೊಟ್ಟೆ ತುಂಬ ಉಣ್ಣುತ್ತೇನೆ ಡಾಕ್ಟರೇ, ಉಂಡದ್ದು ಮೈಗೆ ಹತ್ತುತ್ತಿಲ್ಲ" ಎಂದು ಬರುವವರನ್ನು ನಾನು ಮೊದಲು ಕೇಳುವುದು ಮಲದ ಬಗ್ಗೆ. ಜಿಡ್ಡಾಗಿದೆಯೇ? ಎಷ್ಟು ನೀರು ಸುರಿದರೂ ಅಂಟಿಕೊಂಡೇ ಇರುತ್ತದೆಯೇ? ಹೌದೆಂದರೆ ಅನುಮಾನ ಜೀರ್ಣರಸ ಸುರಿಸುವ ಮೇದೋಜೀರಕ (ಪ್ಯಾಂಕ್ರಿಯಾಸ್) ಗ್ರಂಥಿಯ ಮೇಲೆ. ಆದರೆ ಈ ಲಕ್ಷಣ ಬರಲೆಂದು ಕಾಯುವಂತಿಲ್ಲ. ಕೊಬ್ಬು ಜೀರ್ಣಿಸುವ ಕಿಣ್ವ ಶೇ. 90ರಷ್ಟು ಕುಗ್ಗಿದ ಮೇಲೆಯೇ ಸಾಮಾನ್ಯವಾಗಿ ಜಿಡ್ಡು ಕಾಣಿಸುವುದು.

ಗ್ರಂಥಿಯ ರಸವನ್ನು ನೇರವಾಗಿ ಅಳೆಯಬೇಕಾದರೆ ಸಣ್ಣ ಕರುಳಿಗೆ ನಳಿಕೆ ಇಳಿಸಿ, ಗ್ರಂಥಿಯಿಂದ ರಸ ಸುರಿಸುವ ಸೆಕ್ರೆಟಿನ್ ಹಾರ್ಮೋನ್ ಚುಚ್ಚಿ, ರಸ ಹೀರಿ ತೆಗೆಯಬೇಕು. ರೋಗಿಗೆ ಅದು ಹಿಂಸೆ. ಇದನ್ನು ತಪ್ಪಿಸಲು ಬಂದದ್ದು ಬಾಯಲ್ಲಿ ಕುಡಿಯುವ ಬೆಂಟಿರೊಮೈಡ್ ಎಂಬ ಔಷಧ. ಅದರ ಅಣುವಿನಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಪಾಬಾ ಎಂಬ ಸಣ್ಣ ಅಣು ಗಂಟು ಬಿದ್ದಿರುತ್ತದೆ. ಆ ಗಂಟನ್ನು ಬಿಚ್ಚುವುದು ಮೇದೋಜೀರಕದ ಕೈಮೋಟ್ರಿಪ್ಸಿನ್ ಎಂಬ ಕಿಣ್ವ. ಬಿಡುಗಡೆಯಾದ ಪಾಬಾ ಕರುಳಿನಿಂದ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ರೂಪ ಬದಲಿಸಿ, ಮೂತ್ರದಲ್ಲಿ ಹೊರಬೀಳುತ್ತದೆ. ರಾತ್ರಿಯಿಡೀ ಉಪವಾಸವಿದ್ದ ರೋಗಿಗೆ ಬೆಳಿಗ್ಗೆ 500 ಮಿಲಿಗ್ರಾಂ ಕುಡಿಸಿ, ಮುಂದಿನ 6 ಗಂಟೆಗಳ ಮೂತ್ರವನ್ನೆಲ್ಲ ಕೂಡಿಡಬೇಕಿತ್ತು. ಅದರಲ್ಲಿ ಪಾಬಾ ಕಡಿಮೆಯಿದ್ದರೆ ಗಂಟು ಬಿಚ್ಚುವ ಕಿಣ್ವ ಸಾಲದು ಎಂದರ್ಥ.

ಎಷ್ಟು ಚೆಂದದ ಯುಕ್ತಿ! ನನಗೆ ಇಂದಿಗೂ ಇದರ ಮೇಲೆ ಪ್ರೀತಿ. ಆದರೆ ಪಾಬಾ ಕಡಿಮೆಯಾಗಲು ಕರುಳು ಹೀರದಿರುವುದೂ ಕಾರಣವಾಗಬಹುದು, ಯಕೃತ್ತು, ಮೂತ್ರಪಿಂಡ ಸೋತಿರುವುದೂ ಆಗಬಹುದು. ಒಂದು ಸಲದ ಮೂತ್ರ ಸಂಗ್ರಹಕ್ಕೆ ಸೇರದೆ ಹೋದರೂ ಲೆಕ್ಕ ಕೆಡುತ್ತದೆ. ತಲೆನೋವಿಗೆ ನುಂಗಿದ ಪ್ಯಾರಾಸಿಟಮಾಲ್, ಸಲ್ಫಾ ಔಷಧಗಳು ಇದಕ್ಕೆ ತದ್ವಿರುದ್ಧ: ಇಲ್ಲದ ಪಾಬಾ ಇದ್ದಂತೆ ತೋರಿಸಿ ರೋಗವನ್ನೇ ಮುಚ್ಚಿಬಿಡಬಲ್ಲವು. ಕಾಯಿಲೆ ಇನ್ನೂ ಆರಂಭದಲ್ಲಿದ್ದಾಗ ಪರೀಕ್ಷೆ ಅದನ್ನು ಹಿಡಿಯುತ್ತಲೂ ಇರಲಿಲ್ಲ. ಅಮೆರಿಕದಲ್ಲಿ 1996ರಲ್ಲಿ ಈ ಔಷಧ ಮಾರುಕಟ್ಟೆಯಿಂದ ಹೊರಬಿತ್ತು.

ಈಗ ನಾವು ಬರೆಯುವುದು ಮೇದೋಜೀರಕದ ಇನ್ನೊಂದು ಕಿಣ್ವವಾದ ಎಲಾಸ್ಟೇಸನ್ನು ಮಲದಲ್ಲಿ ಅಳೆಯುವ ಪರೀಕ್ಷೆ. ಕುಡಿಯುವುದೇನಿಲ್ಲ, ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ಮಲ ಸಾಕು. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಸಾಮಾನ್ಯ, 100ಕ್ಕಿಂತ ಕಡಿಮೆಯಿದ್ದರೆ ಗಂಭೀರ ಕೊರತೆಯ ಶಂಕೆ. ಕೊರತೆ ತುಂಬಲು ಹಂದಿಯ ಕಿಣ್ವದ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿರುವವರೂ ಅದನ್ನು ನಿಲ್ಲಿಸಬೇಕಿಲ್ಲ, ಈಗ ಹೆಚ್ಚಾಗಿ ಬಳಸುವ ವಿಧಾನ ಮನುಷ್ಯರ ಎಲಾಸ್ಟೇಸನ್ನಷ್ಟೇ ಗುರುತಿಸುತ್ತದೆ.

ಹಾಗೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಕೆಲವು ತಿಂಗಳಿಂದ ಕ್ಯಾಪ್ಸೂಲ್ ನುಂಗುತ್ತಿದ್ದ ರೈತರೊಬ್ಬರು ಹಳೆಯ ವರದಿ ಹಿಡಿದು ಬಂದರು: ಎಲಾಸ್ಟೇಸ್ 88. ಸ್ಕ್ಯಾನ್‌ನಲ್ಲಿ ಗ್ರಂಥಿ ಚೆನ್ನಾಗಿಯೇ ಇತ್ತು. "ಡಬ್ಬಿ ಕೊಟ್ಟ ದಿನ ಭೇದಿ ಹೇಗಿತ್ತು?" ಎಂದೆ. "ನೀರಿನ ಹಾಗೆ ಹೋಗುತ್ತಿತ್ತು ಸಾರ್." ನೀರು ಸೇರಿ ಎಲಾಸ್ಟೇಸ್ ತೆಳುವಾಗಿತ್ತು. ಗಟ್ಟಿ ಮಲದಲ್ಲಿ ಮತ್ತೆ ಮಾಡಿಸಿದೆವು, 340 ಬಂತು. ಅಂದೇ ಕ್ಯಾಪ್ಸೂಲ್ ನಿಲ್ಲಿಸಿ, ಭೇದಿಗೆ ಬೇರೆ ಕಾರಣ ಹುಡುಕತೊಡಗಿದೆವು.