‘ಹೋಗಬೇ…’ ಎಂದಷ್ಟೇ ಕೇಳಿಸಿದಾಗ: ಬೆಂಕಿಯ ನಡುವಿನ ವಾಕಿಟಾಕಿ ಮಾತಿನ ಹಿಂದುಮುಂದು

ಕಳೆದ ವರ್ಷ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಅಗ್ನಿ ಅವಘಡದ ಅಣಕು ಪ್ರದರ್ಶನ ನಡೆಯಿತು. ನಾಲ್ಕನೇ ಮಹಡಿಯಲ್ಲಿ ಹೊಗೆ ತುಂಬಿದೆ ಎಂದು ಭಾವಿಸಿಕೊಳ್ಳಬೇಕು. ಗೇಟಿನ ಬಳಿ ನಿಂತಿದ್ದ ಮೇಲ್ವಿಚಾರಕರು ಮೆಟ್ಟಿಲ ಬುಡದಲ್ಲಿದ್ದ ಕಾವಲುಗಾರನಿಗೆ ವಾಕಿಟಾಕಿಯಲ್ಲಿ ‘ಮೇಲೆ ಹೋಗಬೇಡಿ’ ಎಂದರು. ಕೊನೆಯ ಅಕ್ಷರ ಬಾಯಿಂದ ಹೊರಡುವ ಮೊದಲೇ, ಮಾತನಾಡುವಾಗ ಒತ್ತಿ ಹಿಡಿಯಬೇಕಾದ ಗುಂಡಿಯಿಂದ ಅವರ ಬೆರಳು ಎದ್ದಿತ್ತು. ಆ ಕಡೆ ತಲುಪಿದ್ದು ‘ಮೇಲೆ ಹೋಗಬೇ…’ ಅಷ್ಟೇ. ಹುಡುಗ ಅದನ್ನು ‘ಹೋಗಬೇಕು’ ಎಂದು ಪೂರ್ತಿ ಮಾಡಿಕೊಂಡು ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಅಣಕು ಪ್ರದರ್ಶನವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಅವನು ಹತ್ತಿದ ವೇಗ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುವವನ ವೇಗ ಅದು.

ಬೆಂಗಳೂರಿನಲ್ಲಿ ದೊಡ್ಡ ಬೆಂಕಿ ಅನಾಹುತವಾದಾಗಲೆಲ್ಲ ಸಂಪರ್ಕ ವ್ಯವಸ್ಥೆಯ ಚರ್ಚೆ ಏಳುತ್ತದೆ. ಹಳೆಯ ಸೆಟ್ಟುಗಳನ್ನು ಬಿಟ್ಟು ಡಿಜಿಟಲ್ ತರಬೇಕು ಎನ್ನುವವರು ಒಂದು ಕಡೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ವಾಕಿಟಾಕಿ ಏಕೆ ಎನ್ನುವವರು ಇನ್ನೊಂದು ಕಡೆ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ದಳ ಒಂದೇ ಜಾಲದಲ್ಲಿ ಮಾತನಾಡಬೇಕು ಎಂಬುದು ಮೂರನೆಯ ವಾದ. ಮೂರೂ ಒಂದರೊಳಗೊಂದು ಸಿಕ್ಕಿಕೊಂಡು ಗೋಜಲಾಗಿವೆ. ಉಪಕರಣದ ಮಾತಿನಲ್ಲಿ ಮಾತಿನ ಪದ್ಧತಿಯೇ ಮರೆತುಹೋಗಿದೆ. ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ.

ತಂತಿಯಿಲ್ಲದ ಮಾತಿನ ಶಿಸ್ತು ಹುಟ್ಟಿದ್ದು ಕಡಲಿನಲ್ಲಿ, ಬೆಳೆದದ್ದು ಆಕಾಶದಲ್ಲಿ, ಬೆಂಕಿ ಆರಿಸುವವರ ಕೈಗೆ ಬಂದದ್ದು ಕೊನೆಯಲ್ಲಿ. ಹಡಗಿನವರಿಗೆ ಅಪಾಯದ ಕರೆಗೆ ಚುಕ್ಕಿ, ಗೆರೆಗಳ ಮೋರ್ಸ್ ಸಂಕೇತದ ಎಸ್‌ಒಎಸ್ ಸಾಕಾಗಿತ್ತು. ವಿಮಾನದವರು ಬಾಯಲ್ಲಿ ಮಾತನಾಡತೊಡಗಿದಾಗ ‘ಎಸ್’ ಎಂಬ ಉಚ್ಚಾರ ಗರಗರ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ಆದ್ದರಿಂದ 1923ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ‘ಮೇಡೇ’ ಎಂಬ ಕರೆ ಹುಟ್ಟಿತು. ಪ್ಯಾರಿಸ್‌ನ ಮಾರ್ಗದಲ್ಲಿ ಇಂಗ್ಲಿಷರೂ ಫ್ರೆಂಚರೂ ಹಾರುತ್ತಿದ್ದರು. ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನ ಧ್ವನಿ ಇಬ್ಬರಿಗೂ ಒಪ್ಪಿತವಾಯಿತು. 1927ರ ವಾಷಿಂಗ್ಟನ್ ಸಮ್ಮೇಳನ ಅದಕ್ಕೆ ಅಂತರರಾಷ್ಟ್ರೀಯ ಮುದ್ರೆ ಒತ್ತಿತು. 1928ರಲ್ಲಿ ಡೆಟ್ರಾಯಿಟ್ ಪೊಲೀಸರ ಕಾರಿಗೆ ಕೇಳಲು ಮಾತ್ರ ಬರುವ ರೇಡಿಯೊ ಬಂತು, ಎರಡನೇ ಮಹಾಯುದ್ಧದ ಕಾಲಕ್ಕೆ ಕೈಯಲ್ಲಿ ಹಿಡಿಯುವ ಸೆಟ್ಟು ಬಂತು, 1956ರಲ್ಲಿ ‘ಆಲ್ಫಾ, ಬ್ರಾವೊ, ಚಾರ್ಲಿ’ ಎಂದು ಎ, ಬಿ, ಸಿ ಅಕ್ಷರಗಳನ್ನು ಪದಗಳಾಗಿ ಹೇಳುವ ಅಕ್ಷರಮಾಲೆ ವಿಮಾನಯಾನದಲ್ಲಿ ನೆಲೆಯೂರಿತು.

ಇದರ ನಡುವೆ ಒಂದು ಚಿಕ್ಕ ಸಂಗತಿಯಿದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಪೊಲೀಸರು ‘ಟೆನ್-ಫೋರ್’ (ಸಂದೇಶ ತಲುಪಿತು) ಮಾದರಿಯ ಅಂಕಿ ಸಂಕೇತಗಳನ್ನು ರೂಢಿಸಿಕೊಂಡರು. ಎಲ್ಲದರ ಮುಂದೂ ‘ಟೆನ್’ ಏಕೆ? ಅಂದಿನ ಸೆಟ್ಟುಗಳಲ್ಲಿ ಗುಂಡಿ ಒತ್ತಿದ ಮೇಲೆ ಒಳಗಿನ ಚಿಕ್ಕ ಜನರೇಟರ್ ವೇಗ ಹಿಡಿಯಲು ಕ್ಷಣಕಾಲ ಬೇಕಿತ್ತು. ಅಷ್ಟರಲ್ಲಿ ಆಡಿದ ಮೊದಲ ಉಚ್ಚಾರ ಗಾಳಿಗೆ ಹೋಗುತ್ತಿತ್ತು. ಹೋದರೆ ಹೋಗಲಿ ಎಂದು ‘ಟೆನ್’ ಅನ್ನು ಮುಂದಿಟ್ಟರು. ಕಳೆದುಹೋಗುವುದಕ್ಕೆಂದೇ ಇಟ್ಟ ಪದ ಅದು! ಯಂತ್ರದ ಕೊರತೆಯನ್ನು ಮಾತಿನಿಂದ ತುಂಬಿಸಿದ ಆ ವಿವೇಕವನ್ನು ನಾನು ತುಂಬಾ ಗೌರವಿಸುತ್ತೇನೆ. ಮುಂದೆ ಊರಿಗೊಂದು ಸಂಕೇತ ಪಟ್ಟಿ ಹುಟ್ಟಿ, ಒಂದೇ ಸಂಖ್ಯೆಗೆ ಎರಡು ಊರುಗಳಲ್ಲಿ ಎರಡು ಅರ್ಥ ಬಂದವು. 2005ರ ಕತ್ರೀನಾ ಚಂಡಮಾರುತದಲ್ಲಿ ನಾನಾ ಕಡೆಯ ತಂಡಗಳು ಒಂದೇ ಕಡೆ ಸೇರಿ ಪರದಾಡಿದ ಮೇಲೆ, ಹಲವು ಇಲಾಖೆಗಳು ಕೂಡಿ ಕೆಲಸ ಮಾಡುವಲ್ಲಿ ಸಂಕೇತ ಬಿಟ್ಟು ಸರಳ ಮಾತು ಬಳಸಬೇಕೆಂದು ಅಮೆರಿಕದ ಕೇಂದ್ರ ಸರ್ಕಾರ 2006ರಲ್ಲಿ ಹೇಳಿತು.

ನ್ಯೂಯಾರ್ಕಿನ 2001ರ ಸೆಪ್ಟೆಂಬರ್ 11ರ ಬೆಳಗ್ಗೆ ಈ ಇತಿಹಾಸದ ಅತಿ ನೋವಿನ ಅಧ್ಯಾಯ. ವಿಮಾನ ದಾಳಿಗೆ ತುತ್ತಾದ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳಲ್ಲಿ, ಎತ್ತರದ ಕಟ್ಟಡದೊಳಗೆ ಸದ್ದು ತಲುಪಲೆಂದು ರಿಪೀಟರ್ ಇತ್ತು. ಕೆಳಗಿನಿಂದ ಬಂದ ಮಾತನ್ನು ಹಿಡಿದು ಬಲಪಡಿಸಿ ಮತ್ತೆ ಹರಡುವ ಯಂತ್ರ ಅದು. ಪೂರ್ತಿ ಚಾಲೂ ಮಾಡಲು ಎರಡು ಗುಂಡಿ ಒತ್ತಬೇಕಿತ್ತು, ಒಂದನ್ನಷ್ಟೇ ಒತ್ತಲಾಗಿತ್ತು. ಪರೀಕ್ಷಿಸಿದಾಗ ಸದ್ದು ಬರಲಿಲ್ಲ. ಕೆಟ್ಟಿದೆ ಎಂದುಕೊಂಡು ಉತ್ತರ ಗೋಪುರದವರು ಬೇರೆ ಚಾನೆಲ್‌ಗೆ ಹೋದರು. ದಕ್ಷಿಣ ಗೋಪುರ 9.59ಕ್ಕೆ ಕುಸಿಯಿತು. ಉತ್ತರ ಗೋಪುರದಲ್ಲಿದ್ದವರಿಗೆ ಕೆಳಗಿಳಿಯುವ ಆದೇಶ ಹೊರಟಿತು, ಆದರೆ ಕಿಕ್ಕಿರಿದ ಚಾನೆಲ್‌ನಲ್ಲಿ ಅದು ಹಲವರಿಗೆ ಕೇಳಿಸಲೇ ಇಲ್ಲ. ಪೊಲೀಸ್ ಹೆಲಿಕಾಪ್ಟರಿನವರು ಮೇಲಿನಿಂದ ಕಂಡು ನೀಡಿದ ಎಚ್ಚರಿಕೆ ಪೊಲೀಸರ ಜಾಲದಲ್ಲಿ ಹರಿದಾಡಿತು, ಬೆಂಕಿ ಆರಿಸುವವರನ್ನು ಮುಟ್ಟಲಿಲ್ಲ. 10.28ಕ್ಕೆ ಆ ಗೋಪುರವೂ ಬಿತ್ತು. ನಡುವೆ ಇದ್ದದ್ದು 29 ನಿಮಿಷ. ಅಂದು ಜೀವ ತೆತ್ತ ಅಗ್ನಿಶಾಮಕ ಸಿಬ್ಬಂದಿ 343 ಮಂದಿ.

ಇನ್ನು ನಮ್ಮ ಊರು. ವೈರ್‌ಲೆಸ್ ಇಟ್ಟುಕೊಳ್ಳಲು ಪರವಾನಗಿ ಬೇಕೆಂಬ ಕಾನೂನು 1933ರಲ್ಲೇ ಬಂದಿತ್ತು. ಅಗ್ನಿಶಾಮಕ ದಳಕ್ಕೆ ರಾಜ್ಯಮಟ್ಟದ ಕಾಯ್ದೆ ಬಂದದ್ದು 1964ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1954ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಇಲ್ಲಿ ಸ್ಥಾಪನೆಯಾಗಿತ್ತು. ಸೇನೆಗೆ ಸಂಪರ್ಕ ಸಾಧನ ತಯಾರಿಸಿದ ನಗರ ಇದು. 1981ರ ಫೆಬ್ರುವರಿಯಲ್ಲಿ ವೀನಸ್ ಸರ್ಕಸ್ ಡೇರೆ ಹೊತ್ತಿ 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿಯನ್ನು ಕಳೆದುಕೊಂಡೆವು. ಡೇರೆಯ ಬೆಂಕಿ ಹೊರಗೆ ನಿಂತವರಿಗೆಲ್ಲ ಕಾಣುತ್ತಿತ್ತು. ಕಾರ್ಲ್‌ಟನ್‌ನಂಥ ಕಟ್ಟಡದಲ್ಲಿ ಮಹಡಿಯಿಂದ ಮಹಡಿಗೆ ಏರುವ ಹೊಗೆ ಕೆಳಗಿನವರಿಗೆ ಕಾಣುವುದಿಲ್ಲ; ಒಳಗೆ ಹೋದವನು ಹೇಳಿದರಷ್ಟೇ ತಿಳಿಯುತ್ತದೆ.

ನಗರ ಬೆಳೆದ ರೀತಿಯೂ ರೇಡಿಯೊಗೆ ಒಗ್ಗುವುದಿಲ್ಲ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ನೋಡಿ. ಬಿಸಿಲ ಝಳ ತಡೆಯಲು ಗಾಜಿಗೆ ಬಳಿಯುವ ಲೋಹದ ತೆಳು ಲೇಪ ರೇಡಿಯೊ ಅಲೆಯನ್ನೂ ತಡೆಯುತ್ತದೆ. ವಾಕಿಟಾಕಿಗಳು ಬಳಸುವ ಎರಡು ತರಂಗ ಪಟ್ಟಿಗಳಲ್ಲಿ ಒಂದಾದ, 150 ಮೆಗಾಹರ್ಟ್ಸ್ ಆಸುಪಾಸಿನ ವಿಎಚ್‌ಎಫ್ ಅಲೆಯ ಉದ್ದ ಸುಮಾರು ಎರಡು ಮೀಟರ್. ಬಯಲಿನಲ್ಲಿ ಅದು ದೂರ ಹೋಗುತ್ತದೆ, ಕಿಟಕಿ, ಓಣಿಗಳ ಸಂದಿಯಲ್ಲಿ ನುಸುಳಲು ತಿಣುಕುತ್ತದೆ. 450 ಮೆಗಾಹರ್ಟ್ಸ್‌ನ ಯುಎಚ್‌ಎಫ್ ಅಲೆ ಎರಡು ಅಡಿಗಿಂತ ತುಸು ಉದ್ದ, ಕಟ್ಟಡದೊಳಗೆ ಹೆಚ್ಚು ಚುರುಕು. ಎರಡನೇ ನೆಲಮಾಳಿಗೆಯ ಕಾಂಕ್ರೀಟಿನ ಕೆಳಗೆ ಎರಡೂ ಸೋಲುತ್ತವೆ. ಆಗ ಉಳಿಯುವುದು ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತು ಮತ್ತು ನಡುದಾರಿಯಲ್ಲಿ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಒಬ್ಬ ಮನುಷ್ಯ.

ಡಿಜಿಟಲ್ ಸೆಟ್ಟಿನ ಬಗ್ಗೆ ಅವಸರದ ತೀರ್ಮಾನ ಬೇಡ. ಅದರಲ್ಲಿ ಗರಗರ ಇಲ್ಲ, ಯಾರು ಮಾತನಾಡುತ್ತಿದ್ದಾರೆಂದು ತೋರಿಸುತ್ತದೆ, ತುರ್ತು ಗುಂಡಿಯಿದೆ. ಆದರೆ ಅದು ಮನುಷ್ಯನ ದನಿಯ ಮಾದರಿಯನ್ನು ಆಧರಿಸಿ ಮಾತನ್ನು ಸಂಕ್ಷೇಪಿಸುತ್ತದೆ. ಪಂಪಿನ ಗದ್ದಲ, ಕಬ್ಬಿಣ ಕೊಯ್ಯುವ ಗರಗಸ, ಉಸಿರಾಟದ ಸಿಲಿಂಡರಿನ ಗಾಳಿ ಮುಗಿಯುತ್ತಿದೆ ಎಂದು ಕೂಗುವ ಸೀಟಿ ಜೊತೆಗೂಡಿದರೆ ದನಿ ಕಲಸಿಹೋಗುತ್ತದೆ. 2008ರ ಹೊತ್ತಿಗೇ ಅಮೆರಿಕದ ಅಗ್ನಿಶಾಮಕ ಮುಖ್ಯಸ್ಥರು ಇದನ್ನು ಪರೀಕ್ಷಿಸಿ ಎಚ್ಚರಿಸಿದ್ದರು. ಹಳೆಯ ಸೆಟ್ಟಿನಲ್ಲಿ ದೂರ ಹೋದಂತೆ ದನಿ ಸವೆಯುತ್ತಾ ಹೋಗುತ್ತದೆ, ಕಿವಿ ಪಳಗಿದವನು ಆ ಸವೆದ ದನಿಯಿಂದಲೂ ಅರ್ಥ ಹೆಕ್ಕುತ್ತಾನೆ. ಡಿಜಿಟಲ್‌ನಲ್ಲಿ ಕೊನೆಯವರೆಗೂ ಸ್ವಚ್ಛ, ಆಮೇಲೆ ಒಮ್ಮೆಗೇ ಮೌನ.

ಮೊಬೈಲ್ ಸಾಲದು ಎಂಬ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ದೂರವಾಣಿಯಲ್ಲಿ ಹೇಳಿದ್ದು ಒಬ್ಬನಿಗೆ ಕೇಳುತ್ತದೆ, ವಾಕಿಟಾಕಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳುತ್ತದೆ. ‘ಮೂರನೇ ಮಹಡಿಯ ನೆಲ ಕುಸಿಯುತ್ತಿದೆ’ ಎಂಬುದನ್ನು ಅಧಿಕಾರಿಗೆ ಮಾತ್ರ ಹೇಳಿದರೆ, ನಾಲ್ಕನೆಯದರಲ್ಲಿರುವವನಿಗೆ ಗೊತ್ತಾಗುವುದು ಯಾವಾಗ? ಕೈಗವಸು ತೊಟ್ಟ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿನ ಸಂದೇಶವನ್ನು ಹೊಗೆಯಲ್ಲಿ ಓದುವವರಿಲ್ಲ. ಅಗ್ನಿಶಾಮಕ ಸಿಬ್ಬಂದಿ ಬೆನ್ನಿಗೆ ಕಟ್ಟಿದ 6 ಲೀಟರ್ ಸಿಲಿಂಡರ್ 300 ಬಾರ್ ಒತ್ತಡದಲ್ಲಿ ಹಿಡಿಯುವುದು ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕ ಹಿಡಿದರೆ 45 ನಿಮಿಷ. ಹೋಸ್ ಹೊತ್ತು ಮೆಟ್ಟಿಲು ಹತ್ತುವವನ ಎದೆ ಆ ಲೆಕ್ಕ ಕೇಳುವುದಿಲ್ಲ, ಗಾಳಿ ಎಷ್ಟೋ ಮೊದಲೇ ತೀರುತ್ತದೆ. ನಂಬರ್ ಹುಡುಕಿ, ರಿಂಗ್ ಆಗಿ, ‘ಹಲೋ’ ಎನ್ನುವವರೆಗೆ ಕಾಯುವಷ್ಟು ಬಿಡುವು ಅವನಿಗಿಲ್ಲ.

ಮೂರನೆಯ ವಾದ ಒಂದೇ ಜಾಲದ್ದು. 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಸ್ಥಳದಲ್ಲಿ ಒಬ್ಬರ ನೇತೃತ್ವ, ಅದರ ಕೆಳಗೆ ಪ್ರತ್ಯೇಕ ಸಂಪರ್ಕ ಘಟಕ ಎಲ್ಲವೂ ಇವೆ. 2019ರಲ್ಲಿ ಕರ್ನಾಟಕಕ್ಕೂ ಎಲ್ಲ ತುರ್ತು ಸೇವೆಗೆ ಒಂದೇ ಸಂಖ್ಯೆಯಾದ 112 ಬಂತು. ಕರೆ ಮಾಡುವವರು 100, 101, 108 ಎಂದು ನೆನಪಿಡುವ ಕಷ್ಟ ತಪ್ಪಲೆಂಬುದು ಅದರ ಉದ್ದೇಶ, ಒಳ್ಳೆಯದೇ. ಆದರೆ ಸಾರ್ವಜನಿಕರಿಂದ ಒಳಗೆ ಬರುವ ಕರೆ ಒಂದಾದ ಮಾತ್ರಕ್ಕೆ, ಬೆಂಕಿಯ ಮುಂದೆ ನಿಂತ ಬೇರೆ ಬೇರೆ ಸಮವಸ್ತ್ರದವರ ಮಾತು ತಾನಾಗಿ ಒಂದಾಗುವುದಿಲ್ಲ. ಅಲ್ಲಿ ಬೇಕಾದದ್ದು ಸಮಾನ ಪದಗಳು.

ನನ್ನ ಕಾಳಜಿ ಇರುವುದು ಈ ಪದಗಳ ಬಗ್ಗೆಯೇ. ಪದ್ಧತಿಯ ಮೂಲ ನಿಯಮಗಳು ಎಲ್ಲ ಕಡೆಯೂ ಒಂದೇ: ಮೊದಲು ಕೇಳಿಸಿಕೊಳ್ಳಿ, ಗುಂಡಿ ಒತ್ತಿ ಒಂದು ಕ್ಷಣ ತಡೆಯಿರಿ, ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು ಮೊದಲು, ನಿಮ್ಮದು ಆಮೇಲೆ, ಕೇಳಿದ್ದನ್ನು ತಿರುಗಿ ಹೇಳಿ. ‘ಓವರ್’ ಎಂದರೆ ಉತ್ತರ ಕೊಡಿ ಎಂದು, ‘ಔಟ್’ ಎಂದರೆ ಮಾತು ಮುಗಿಯಿತು ಎಂದು. ಸಿನಿಮಾದವರಂತೆ ಎರಡನ್ನೂ ಒಟ್ಟಿಗೆ ಹೇಳಿದರೆ ಅರ್ಥವಿಲ್ಲ. ಇವುಗಳನ್ನು ಕಲಿಯುವುದು ಕಷ್ಟವೂ ಅಲ್ಲ. ಆದರೆ ಈ ನಿಯಮಗಳು ರೂಪುಗೊಂಡದ್ದು ಇಂಗ್ಲಿಷಿನ ಕಿವಿಗೆ. ಕನ್ನಡ ಮಾತು ಮುರಿಯುವ ಜಾಗವೇ ಬೇರೆ.

ಗುಂಡಿ ಒತ್ತುವ ಮೊದಲೇ ಬಾಯಿ ತೆರೆದರೆ ಮಾತಿನ ತಲೆ ಹೋಗುತ್ತದೆ. ‘ಇಪ್ಪತ್ತು’, ‘ಎಪ್ಪತ್ತು’ ಎರಡೂ ‘…ಪ್ಪತ್ತು’ ಆಗುತ್ತವೆ. ‘ಹನ್ನೆರಡು’ ‘ಎರಡು’ ಆಗುತ್ತದೆ. ‘ಮೂರು’, ‘ನೂರು’ ಒಂದೇ ಆಗುತ್ತವೆ. ಮಲ್ಲೇಶ್ವರದ ‘ಹದಿನೆಂಟನೇ ಕ್ರಾಸ್’ನಿಂದ ಮೊದಲ ತುಣುಕು ಕಳಚಿದರೆ ‘ಎಂಟನೇ ಕ್ರಾಸ್’. ಸಂಜೆ ಏಳರ ಹೊತ್ತಿಗೆ ಎಂಟನೇ ಕ್ರಾಸಿನ ಸಂತೆಯಂಥ ಜನಜಂಗುಳಿಯೊಳಗೆ ಜಲವಾಹನ ನುಗ್ಗಿಸಿ, ತಪ್ಪು ತಿಳಿದು, ಹಿಂದೆ ತಿರುಗಿಸಿಕೊಂಡು ಬರುವುದನ್ನು ಊಹಿಸಿಕೊಳ್ಳಿ. ಜಯನಗರದಲ್ಲಿ ನಾಲ್ಕನೇ ಬ್ಲಾಕ್ ಬೇರೆ, ನಾಲ್ಕನೇ ‘ಟಿ’ ಬ್ಲಾಕ್ ಬೇರೆ. ಅಪಾರ್ಟ್‌ಮೆಂಟುಗಳ ‘ಬಿ’ ಬ್ಲಾಕ್, ‘ಡಿ’ ಬ್ಲಾಕ್, ‘ಇ’ ಬ್ಲಾಕ್ ಮುಖವಾಡದ ಒಳಗಿನಿಂದ ಒಂದೇ ಸದ್ದಾಗಿ ಹೊರಬರುತ್ತವೆ.

ಗುಂಡಿಯನ್ನು ಬೇಗ ಬಿಟ್ಟರೆ ಮಾತಿನ ಬಾಲ ಹೋಗುತ್ತದೆ, ಅದು ಇನ್ನೂ ಅಪಾಯ. ನಮ್ಮ ಭಾಷೆಯಲ್ಲಿ ಹೌದು ಅಲ್ಲಗಳ ತೀರ್ಪಾಗುವುದು ಕೊನೆಯಲ್ಲಿ. ‘ಹೋಗಬೇಕು’, ‘ಹೋಗಬೇಡಿ’, ‘ಒಡೆಯಬೇಕು’, ‘ಒಡೆಯಬೇಡಿ’. ‘ಒಳಗೆ ಮಕ್ಕಳು ಇದ್ದಾರೆ’, ‘ಒಳಗೆ ಮಕ್ಕಳು ಇಲ್ಲ’ ಎಂಬ ಎರಡು ಸುದ್ದಿಗಳೂ ‘ಒಳಗೆ ಮಕ್ಕಳು ಇ…’ ಎಂದು ನಿಂತುಹೋಗಬಹುದು.

ಪರಿಹಾರ ಇದೆ, ಅದಕ್ಕೆ ಟೆಂಡರ್ ಕರೆಯಬೇಕಿಲ್ಲ. ನಿಷೇಧವನ್ನು ‘ಬೇಡಿ’ಯಿಂದ ಹೇಳದೆ ‘ನಿಲ್ಲಿ’ ಎಂಬ ಬೇರೆಯದೇ ಪದದಿಂದ ಆರಂಭಿಸುವುದು: ‘ನಿಲ್ಲಿ, ನಿಲ್ಲಿ, ಮೆಟ್ಟಿಲ ಬುಡದಲ್ಲೇ ನಿಲ್ಲಿ.’ ಸಂಖ್ಯೆಯನ್ನು ಬಿಡಿ ಅಂಕಿಯಾಗಿ ಹೇಳಿ ಆಮೇಲೆ ಕೂಡಿಸುವುದು: ‘ಒಂದು ಎಂಟು, ಹದಿನೆಂಟನೇ ಕ್ರಾಸ್.’ ‘ಇದ್ದಾರೆ’ ಎನ್ನುವ ಬದಲು ‘ಮೂವರು ಸಿಕ್ಕಿಕೊಂಡಿದ್ದಾರೆ’, ‘ಇಲ್ಲ’ ಎನ್ನುವ ಬದಲು ‘ಕೋಣೆ ಖಾಲಿ’. ಬೀದರಿನ ಕನ್ನಡ, ಮಂಡ್ಯದ ಕನ್ನಡ, ಮಂಗಳೂರಿನ ಕನ್ನಡ ಆಡುವವರು ಒಂದೇ ಪಾಳಿಯಲ್ಲಿ ದುಡಿಯುವ ಈ ಊರಿನಲ್ಲಿ ಇಂಥ ಮೂವತ್ತು ನಲವತ್ತು ಮಾತುಗಳ ಒಪ್ಪಿತ ಪಟ್ಟಿ ಎಲ್ಲರ ಜೇಬಿನಲ್ಲಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ‘ಮೇಡೇ’ ಮಾತ್ರ ಹಾಗೇ ಇರಲಿ. ಅದನ್ನು ಮೂರು ಸಲ ಹೇಳಿ, ಎಲ್ಲಿದ್ದೇನೆ, ಯಾರು, ಏನಾಗಿದೆ, ಏನು ಬೇಕು ಎಂದು ಹೇಳುವುದನ್ನು ನಿದ್ದೆಗಣ್ಣಿನಲ್ಲೂ ಬರುವಂತೆ ಅಭ್ಯಾಸ ಮಾಡಿಸಬೇಕು. ಆ ಕರೆ ಎದ್ದ ಕ್ಷಣ ಉಳಿದವರೆಲ್ಲ ಬಾಯಿ ಮುಚ್ಚಬೇಕು.

ಈ ವರ್ಷದ ಅಣಕು ಪ್ರದರ್ಶನಕ್ಕೆ ಮುನ್ನ ನಾವು ಮೇಲ್ವಿಚಾರಕರೊಡನೆ ಕುಳಿತು ಹತ್ತು ಮಾತುಗಳನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆದುಕೊಂಡೆವು. ಎರಡನೇ ನೆಲಮಾಳಿಗೆಯಲ್ಲಿ ಸೆಟ್ಟು ಸತ್ತಂತಾಗುತ್ತದೆ. ಸುತ್ತಾಡಿ ನೋಡಿದಾಗ ಇಳಿಜಾರಿನ ತಿರುವಿನಲ್ಲಿ ಒಂದೇ ಒಂದು ಕಡೆ ಗೇಟಿನ ದನಿ ಸ್ಪಷ್ಟವಾಗಿ ಸಿಕ್ಕಿತು. ಅಲ್ಲಿನ ಗೋಡೆಗೆ ಹಳದಿ ಬಣ್ಣದಲ್ಲಿ ಒಂದು ಗುರುತು ಬಳಿಸಿದೆವು. ಕಳೆದ ವರ್ಷ ಮೆಟ್ಟಿಲು ಹತ್ತಿದ್ದ ಅದೇ ಹುಡುಗ, ಅಸ್ಸಾಮಿನವನು, ಈ ಬಾರಿ ಆ ಗುರುತಿನ ಬಳಿ ನಿಂತಿದ್ದ. ಗೇಟಿನಿಂದ ‘ನಿಲ್ಲಿ, ನಿಲ್ಲಿ’ ಎಂದು ಬಂತು. ಅವನು ಗುಂಡಿ ಒತ್ತಿ, ಉಸಿರೆಳೆದು, ತನ್ನ ಕನ್ನಡದಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದ: ‘ಗೇಟ್, ಗೇಟ್, ಬೇಸ್‌ಮೆಂಟ್ ಎರಡು. ನಿಂತಿದ್ದೇನೆ. ಹಳದಿ ಗುರುತು. ಓವರ್.’ ಆಮೇಲೆಯೇ ಬೆರಳು ತೆಗೆದ.