ನಿಮ್ಮ ಫೋಟೋ ಯಾರು ನೋಡುತ್ತಾರೆ? ಅದನ್ನು ಮೊದಲು ಹೇಳಿ

ಸ್ಟುಡಿಯೋಗೆ ಬಂದವರು ‘ಪ್ರೊಫೆಷನಲ್ ಆಗಿ ಒಂದು ಫೋಟೋ ತೆಗೀರಿ ಸರ್’ ಅನ್ನುತ್ತಾರೆ. ಕ್ಯಾಮೆರಾ ಮುಟ್ಟುವ ಮೊದಲು ನಾನು ಕೇಳುವುದು ಒಂದೇ. ಈ ಫೋಟೋ ಯಾರು ನೋಡುತ್ತಾರೆ? ಚಿಕ್ಕಮಗಳೂರಿನಲ್ಲಿ ಇದಕ್ಕೆ ಬರುವ ಉತ್ತರ ಒಬ್ಬೊಬ್ಬರದು ಒಂದೊಂದು. ಬೆಂಗಳೂರಲ್ಲಿ ಕೆಲಸ ಹುಡುಕುವ ಇಂಜಿನಿಯರಿಂಗ್ ಹುಡುಗಿ, ಹೋಂಸ್ಟೇ ನಡೆಸುವ ಕಾಫಿ ಬೆಳೆಗಾರರು, ವಕೀಲರು, ಹೊಸದಾಗಿ ಕ್ಲಿನಿಕ್ ತೆರೆದ ಡಾಕ್ಟರು. ಎಲ್ಲರಿಗೂ ಒಂದೇ ಥರದ ಫೋಟೋ ಕೊಟ್ಟರೆ ಯಾರ ಕೆಲಸಕ್ಕೂ ಬರುವುದಿಲ್ಲ.

ಪಾಸ್‌ಪೋರ್ಟ್ ಸೈಜ್ ಫೋಟೋ ಇರುವುದು ಗುರುತು ಹಿಡಿಯಲಿಕ್ಕೆ. 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ, ಬಿಳಿ ಹಿನ್ನೆಲೆ, ನೇರ ನೋಟ. ಅಮೆರಿಕದ ವೀಸಾಗಾದರೆ 2 ಇಂಚಿನ ಚೌಕ, ಕನ್ನಡಕ ತೆಗೆಯಲೇಬೇಕು. ಇಲ್ಲಿ ನಿಮ್ಮ ಸ್ವಭಾವ ಕಾಣಬೇಕಾಗಿಲ್ಲ. ಆದರೆ ಇದನ್ನೇ ಸ್ಕ್ಯಾನ್ ಮಾಡಿ ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್‌ಗೆ ಹಾಕುವವರು ತುಂಬಾ ಜನ.

ಲಿಂಕ್ಡ್‌ಇನ್‌ನಲ್ಲಿ ಫೋಟೋ ದುಂಡಗೆ ಕತ್ತರಿಸಿಕೊಂಡು ಬರುತ್ತದೆ. ಮೊಬೈಲಿನಲ್ಲಿ ಅದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅಷ್ಟರಲ್ಲೇ ನಿಮ್ಮ ಕಣ್ಣು ಕಾಣಬೇಕು. ಹಾಗಾಗಿ ಹೆಗಲಿನಿಂದ ಮೇಲೆ ಸಾಕು, ಅರ್ಧಕ್ಕಿಂತ ಜಾಸ್ತಿ ಜಾಗ ಮುಖಕ್ಕೇ ಇರಲಿ. ಬಟ್ಟೆ ಒಂದೇ ಬಣ್ಣದ್ದು ಒಳ್ಳೆಯದು. ಸಣ್ಣ ಚೆಕ್ಸ್ ಶರ್ಟು ಸ್ಕ್ರೀನಿನಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಸೆಲ್ಫಿ ಬೇಡ. ಕೈ ಉದ್ದದಲ್ಲಿ ಕ್ಯಾಮೆರಾ ಹಿಡಿದರೆ ಮೂಗು ಉಬ್ಬಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಅದು ಲೆನ್ಸಿನ ತಪ್ಪಲ್ಲ, ದೂರ ಸಾಲದೆ ಆಗುವುದು. ಐದಾರು ಅಡಿ ಹಿಂದೆ ನಿಂತು ಬೇರೆಯವರು ತೆಗೆದರೆ ಮುಖ ಇರುವ ಹಾಗೇ ಬರುತ್ತದೆ. ನಾವು 85 ಎಂ.ಎಂ. ಲೆನ್ಸ್ ಬಳಸುವುದೂ ಅಷ್ಟು ದೂರದಿಂದಲೂ ಮುಖ ಫ್ರೇಮ್ ತುಂಬ ಸಿಗಲಿ ಅಂತಲೇ.

ಎರಡು ಕೆಲಸ ನಾನು ಮಾಡಿಕೊಡುವುದಿಲ್ಲ. ಒಂದು, ಎಡಿಟ್‌ನಲ್ಲಿ ಕೋಟು ಅಂಟಿಸುವುದು. ಮುಖಕ್ಕೆ ಬೆಳಕು ಎಡದಿಂದ, ಕೋಟಿಗೆ ಬಲದಿಂದ ಬಿದ್ದಿರುತ್ತದೆ. ಇಂಟರ್‌ವ್ಯೂ ಮಾಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕೋಟು ಇಲ್ಲದಿದ್ದರೆ ಇಸ್ತ್ರಿ ಮಾಡಿದ ಶರ್ಟು, ಚೂಡಿದಾರ್, ಕಾಟನ್ ಸೀರೆ ಯಾವುದಾದರೂ ಚೆನ್ನಾಗಿರುತ್ತದೆ. ಇನ್ನೊಂದು, ಬೆಳ್ಳಗೆ ಮಾಡುವುದು. ನಿಮ್ಮನ್ನು ಎದುರು ಕೂರಿಸಿಕೊಂಡು ಮಾತಾಡುವವರಿಗೆ ಫೋಟೋದಲ್ಲಿ ಬೇರೊಬ್ಬರನ್ನು ತೋರಿಸಿ ಏನು ಪ್ರಯೋಜನ? ಕಪ್ಪು ಬಣ್ಣಕ್ಕೆ ಬೇಕಾಗಿರುವುದು ಒಳ್ಳೆಯ ಬೆಳಕು ಮಾತ್ರ.

ವಕೀಲರಿಗೆ, ಡಾಕ್ಟರಿಗೆ ಸ್ಟುಡಿಯೋಗಿಂತ ಮೊದಲು ಅವರ ವೃತ್ತಿಯ ನಿಯಮವೇ ಮಾತಾಡುತ್ತದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಮಾಡುವಂತಿಲ್ಲ, ತಾವು ನಡೆಸುವ ಕೇಸಿನ ಸಂಬಂಧ ತಮ್ಮ ಫೋಟೋ ಪ್ರಕಟ ಮಾಡಿಸುವಂತೆಯೂ ಇಲ್ಲ. ಕೊರಳಿನ ಬಿಳಿ ಬ್ಯಾಂಡ್, ಗೌನ್ ಕೂಡ ಕೋರ್ಟಿನ ಹೊರಗೆ ಸಮಾರಂಭಗಳಿಗಷ್ಟೇ. ಹಾಗಾಗಿ ಅವರಿಗೆ ಸಾದಾ ಕೋಟಿನ, ಸಾದಾ ಹಿನ್ನೆಲೆಯ ಫೋಟೋ ಸಾಕು. ವೈದ್ಯರಿಗೆ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಾವಳಿ ಇದೆ. ಲೆಟರ್‌ಹೆಡ್ ಮೇಲೆ, ಕ್ಲಿನಿಕ್ಕಿನ ಬೋರ್ಡಿನ ಮೇಲೆ ತಮ್ಮ ಫೋಟೋ ಹಾಕಿಕೊಳ್ಳುವುದನ್ನು ಅದು ತಪ್ಪು ಅನ್ನುತ್ತದೆ. ಬೋರ್ಡಿಗೆ ಅಂತ ದೊಡ್ಡ ಫೋಟೋ ಕೇಳಿದರೆ ನಾನು ಇದನ್ನು ಹೇಳಿಯೇ ಹೇಳುತ್ತೇನೆ.

ನನಗೆ ಜಾಸ್ತಿ ಇಷ್ಟವಾಗುವುದು ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ಹೋಂಸ್ಟೇಯವರ ಫೋಟೋ. ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬ ಬುಕ್ ಮಾಡುವ ಮೊದಲು ಮನೆ ನೋಡುತ್ತದೆ, ಆಮೇಲೆ ಮನೆಯವರನ್ನು ನೋಡುತ್ತದೆ. ಸ್ಟುಡಿಯೋದ ಬೂದು ಪರದೆ ಮುಂದೆ ಟೈ ಕಟ್ಟಿ ನಿಂತ ಬೆಳೆಗಾರರನ್ನು ಕಂಡು ಅವರಿಗೇನು ಗೊತ್ತಾಗಬೇಕು? ಇಲ್ಲಿ ಮುಖದ ಜೊತೆ ಜಾಗವೂ ಬರಬೇಕು. ಅದಕ್ಕೆ 35 ಎಂ.ಎಂ. ಲೆನ್ಸ್ ಹಿಡಿದು ನಾನೇ ತೋಟಕ್ಕೆ ಹೋಗುತ್ತೇನೆ.

ಆದರೆ ಸುಮ್ನೆ ಗಿಡಗಳ ನಡುವೆ ನಿಲ್ಲಿಸಿದರೆ ಆಗುವುದಿಲ್ಲ. ಮರದ ಎಲೆ ದಾಟಿ ಬರುವ ಬೆಳಕು ಮುಖಕ್ಕೆ ಹಸಿರು ಬಳಿಯುತ್ತದೆ. ಮಧ್ಯಾಹ್ನವಂತೂ ಕೆನ್ನೆ ಮೇಲೆಲ್ಲ ಬಿಸಿಲಿನ ಚುಕ್ಕೆ. ಜಗಲಿಯ ಅಂಚಿನಲ್ಲಿ, ಹೊರಗೆ ಮುಖ ಮಾಡಿ ಕೂರಿಸಿದರೆ ಬೆಳಕು ಮೆತ್ತಗೆ ಬೀಳುತ್ತದೆ, ಹಿಂದೆ ಮನೆಯ ಬಾಗಿಲೂ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ನಿಂತ ಗಂಟೆಗಳಲ್ಲಿ ನಮ್ಮ ಮಲೆನಾಡಿನ ಮೋಡ ಕೊಡುವ ಬೆಳಕನ್ನು ಯಾವ ಫ್ಲ್ಯಾಶೂ ಕೊಡಲಾರದು. ಸುಗ್ಗಿ ತೋರಿಸಬೇಕು ಅಂದರೆ ಅರೇಬಿಕಾ ಕೊಯ್ಲಿನ ಡಿಸೆಂಬರ್ ಸುಮಾರಿಗೆ ಬೆಳಿಗ್ಗೆ, ಕಣದಲ್ಲಿ. ಕಾಫಿ ಹೂವಿನ ಜೊತೆ ಬೇಕಾದರೆ ಹೂಮಳೆ, ಅಂದರೆ ಗಿಡ ಹೂ ಬಿಡುವಂತೆ ಮಾಡುವ ಮಳೆ, ಬಿದ್ದ ಕೂಡಲೇ ನನಗೆ ಫೋನ್ ಮಾಡಬೇಕು. ಆ ಹೂವು ಕೆಲವೇ ದಿನ ಇರುವುದು.

ಟೈಲರ್, ಬಡಗಿ, ಕೇಕ್ ಮಾಡುವವರು ಬಂದರೆ ಕೈಗಳೂ ಫ್ರೇಮಿನಲ್ಲಿರಲಿ ಅನ್ನುತ್ತೇನೆ. ಗಿರಾಕಿ ನಂಬುವುದು ಆ ಕೈಗಳನ್ನು.

ಯಾವ ಬಗೆಯದ್ದೇ ತೆಗೆಸಿ, ಪ್ರಿಂಟ್ ಜೊತೆ ಒರಿಜಿನಲ್ ಫೈಲ್ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಆಮೇಲೆ ಬ್ರೋಷರ್‌ಗೆ ಹಾಕಿದಾಗ ಮುಖ ಒಡೆದು ಕಾಣುತ್ತದೆ.